ಹಗ್ಗದ ಆಚೆ

ಬೆಳಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬುಕ್ಕಾಂಬುಧಿ ಕೆರೆಯಲ್ಲಿ ಈಜು, ಅಜ್ಜಂಪುರದವರೆಗೆ ಹೋಗಿಬರುವ ಸೈಕಲ್, ಆಮೇಲೆ ಕೆರೆ ಏರಿಯ ಮೇಲೆ ಓಟ. ಮೂರೂ ಸೇರಿ ಮೊದಲು ಮುಗಿಸಿದ ಹುಡುಗಿ ರಾಜ್ಯ ಮಟ್ಟಕ್ಕೆ. ನನ್ನ ಶಿಷ್ಯೆ ಅಲ್ಫಿಯಾಗೆ ಇದೇ ಕೊನೆಯ ಅವಕಾಶ. ಬರುವ ವರ್ಷ ವಯಸ್ಸು ಮೀರುತ್ತದೆ. ಅಂಥದ್ದರಲ್ಲಿ ಆಯೋಜಕರು ನನ್ನ ಕುತ್ತಿಗೆಗೇ ಸೀಟಿ ನೇತುಹಾಕಿ, "ಸೈಕಲ್ ನಿಲ್ಲಿಸೋ ಜಾಗ ನೀವೇ ನೋಡ್ಕೊಳ್ಳಿ ಹೇಮಾವತಿ ಮೇಡಂ" ಎಂದುಬಿಟ್ಟರು. ಬೇರೆ ಯಾರೂ ಸಿಗಲಿಲ್ಲವಂತೆ!

ನಿಯಮಗಳನ್ನು ಮೈಕಿನಲ್ಲಿ ಗಂಟಲು ಹರಿಯುವಂತೆ ಕೂಗಿದ್ದೆ. ಈಜುವಾಗ ಪಕ್ಕದವರ ಮೇಲೆ ಹತ್ತಬೇಡಿ. ಹೆಲ್ಮೆಟ್ ಪಟ್ಟಿ ಬಿಗಿಯದೆ ಸೈಕಲ್ ಮುಟ್ಟಬೇಡಿ. ಮನೆಯವರು ಸೈಕಲ್ ಜಾಗದ ಸುತ್ತ ಕಟ್ಟಿರುವ ಹಗ್ಗದ ಒಳಗೆ ಬರಬಾರದು, ಸ್ಪರ್ಧಿಯನ್ನು ಮುಟ್ಟಬಾರದು. ಎಲ್ಲರೂ ತಲೆಯಾಡಿಸಿದರು. ಅಲ್ಫಿಯಾಳ ದಾದಿ, ಅಂದರೆ ಅಪ್ಪನ ತಾಯಿ ಜಾಹೇದಾ, ಎಲ್ಲರಿಗಿಂತ ಜೋರಾಗಿ ಆಡಿಸಿದರು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದ್ದು ಅವರೇ.

ಅಲ್ಫಿಯಾ ಎಲ್ಲರಿಗಿಂತ ಮೊದಲು ನೀರಿನಿಂದ ಎದ್ದಳು. ಅವಳು ಸೈಕಲ್ ಕಡೆ ಓಡಿಬರುತ್ತಿದ್ದಂತೆ, ಹಗ್ಗದ ಕೆಳಗೆ ನುಸುಳಿ ಬಂದ ದಾದಿ ಅವಳ ತಲೆ ಹಿಡಿದು ಟವೆಲಿನಲ್ಲಿ ಗಸಗಸ ಉಜ್ಜತೊಡಗಿದರು. ಒದ್ದೆ ತಲೆಗೆ ಹೆಲ್ಮೆಟ್ ಹಾಕಿದರೆ ನೆಗಡಿಯಾಗುತ್ತದೆಂದು ಮನೆಮಾತಿನಲ್ಲಿ ಗದರಿದರು. ಹುಡುಗಿ ಕೊಸರಿಕೊಂಡು ಹೊರಟೇಬಿಟ್ಟಳು.

ಕೆರೆಗಿಳಿದ ಮಕ್ಕಳ ತಲೆ ಒರೆಸದೆ ಬಿಡುವ ಅಜ್ಜಿ ನಮ್ಮ ಸೀಮೆಯಲ್ಲೇ ಇಲ್ಲ, ನನಗೆ ಗೊತ್ತು. ಆದರೂ ಸೀಟಿ ಊದಿದೆ. ದಂಡದ ಹಲಗೆಯ ಮೇಲೆ ಅಲ್ಫಿಯಾಳ ನಂಬರು ಬರೆದೆ. ಸೈಕಲ್ ಮುಗಿಸಿ ಬಂದಮೇಲೆ ಅವಳು ಒಂದು ನಿಮಿಷ ಇಲ್ಲೇ ನಿಲ್ಲಬೇಕು. ಇನ್ನೊಮ್ಮೆ ಯಾರಾದರೂ ಮುಟ್ಟಿದರೆ ಪಂದ್ಯದಿಂದಲೇ ಹೊರಗೆ.

"ಏನ್ ಮೇಡಂ, ಮೊಮ್ಮಗಳ ತಲೆ ಒರ್ಸಿದ್ದಕ್ಕೆ ದಂಡ ಹಾಕ್ತೀರಾ? ನಿಮ್ಗೇನ್ ಮಕ್ಳಿಲ್ವಾ?" ದಾದಿ ಹರಿಹಾಯ್ದರು.

ನನಗೂ ರೇಗಿತು. "ಮೈಕಲ್ಲಿ ಅಷ್ಟ್ ಬಡ್ಕೊಂಡ್ನಲ್ಲಮ್ಮಾ! ಸುಮ್ನೆ ತಲೆ ಆಡ್ಸಿದ್ರಾ?"

ಅವರು ಟವೆಲ್ ಮಡಚಿಕೊಂಡು ಹಗ್ಗದ ಆಚೆ ಹೋದರು.

ಅಲ್ಫಿಯಾ ಬಂದು ಸೈಕಲ್ ಇಟ್ಟು, ಹಲಗೆ ನೋಡಿ, ದಂಡದ ಜಾಗದಲ್ಲಿ ನಿಂತಳು. ಕಾಲು ಮಾತ್ರ ನಿಂತಲ್ಲೇ ಕುಣಿಯುತ್ತಿತ್ತು. ಹಿಂದೆ ಉಳಿದಿದ್ದ ಗಾನವಿ ಬಂದಳು, ದಾಟಿ ಹೋದಳು. ಅಲ್ಫಿಯಾ ಬಿಕ್ಕಿದಳು. ಅದನ್ನು ಕಂಡದ್ದೇ ದಾದಿ ಎಲ್ಲ ಮರೆತು, ಕೈ ಚಾಚಿ ನುಗ್ಗಿದರು.

"ನಕ್ಕೋ ದಾದಿ! ನಕ್ಕೋ!" ಬೇಡ ಬೇಡವೆಂದು ಕಿರುಚುತ್ತ ಹುಡುಗಿ ಹಿಂದೆ ಸರಿದಳು, ಸಾಕಿದ ಕೈಗೇ ಹೆದರಿ. ಆ ಕೈಗಳು ಹಾಗೇ ನಿಂತವು. ನನಗೆ ನೋಡಲಾಗಲಿಲ್ಲ. ಗಡಿಯಾರದತ್ತ ತಿರುಗಿ, ನಿಮಿಷ ಮುಗಿದದ್ದೇ "ಹೊರಡು" ಎಂದೆ.

ಗೆದ್ದದ್ದು ಗಾನವಿ. ಅವಳ ಬೆನ್ನಿಗೇ ಮುಗಿಸಿದ ಅಲ್ಫಿಯಾ ಅವಳ ಕೈ ಕುಲುಕಿ, ಅಲ್ಲೇ ನೆಲಕ್ಕೆ ಕುಸಿದು ಅತ್ತಳು. ನಾನು ದಾದಿಯನ್ನು ಹುಡುಕಿದೆ. ಹಗ್ಗದಿಂದ ಮಾರು ದೂರದಲ್ಲಿ, ಎರಡೂ ಕೈ ಬುರ್ಖಾದೊಳಗೆ ಅಡಗಿಸಿಕೊಂಡು ನಿಂತಿದ್ದರು. ಮೊಮ್ಮಗಳ ಮೇಲಿಂದ ಕಣ್ಣು ತೆಗೆಯದೆ ಕೇಳಿದರು:

"ಮೇಡಂ, ಈಗ ಮುಟ್ಬೋದಾ?"