ಹುಲ್ಲಿನ ನಡುವೆ ತುಳಸಿಕಟ್ಟೆ

ನಮ್ಮ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೂ ಸ್ಟೇಷನ್ ಕಡೆಯ ಗೇಟಿಗೂ ನಡುವೆ ಒಂದು ಹುಲ್ಲುಹಾಸು ಇದೆ. ಅದನ್ನು ಬೆಳೆಸಿದವನು ನಾನು, ವಸಂತಕುಮಾರ, ಇಲ್ಲಿನ ಗಾರ್ಡನ್ ಸೂಪರ್‌ವೈಸರ್. ನವಿ ಮುಂಬಯಿಯ ಬಿಸಿಲಲ್ಲಿ ಮೂರು ವರ್ಷ ಪೈಪು ಹಿಡಿದು ನಿಂತು ಬೆಳೆಸಿದ್ದೇನೆ. ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ.

ಹುಲ್ಲಿನ ಸುತ್ತ ಒಂದು ಕಲ್ಲಿನ ದಾರಿಯಿದೆ. ಅದರ ನಕ್ಷೆ ಬರೆದವರು ಮೈಸೂರಿನ ಆರ್ಕಿಟೆಕ್ಟ್ ಶ್ರೀವಿದ್ಯಾ ಮೇಡಂ. ಆ ದಾರಿ ಎಡಕ್ಕೆ ಹೋಗಿ, ಕೊಳ ನೋಡಿ, ಬಲಕ್ಕೆ ಹೊರಳಿ, ಒಂದು ಬೆಂಚನ್ನು ಮಾತಾಡಿಸಿ, ಆಮೇಲೆ ಮನಸ್ಸು ಬಂದರೆ ಗೇಟು ಸೇರುತ್ತದೆ.

"ನಡೀತಾ ನಡೀತಾ ಮಕ್ಕಳ ಮನಸ್ಸು ನಿಧಾನ ಆಗ್ಬೇಕು ವಸಂತಕುಮಾರ್," ಎಂದು ಅವರು ವಿವರಿಸಿದ್ದರು.

ಮೈಸೂರಿನಲ್ಲಿ ಆಗುತ್ತದೋ ಏನೋ. ಇಲ್ಲಿ ಐದು ಮೂವತ್ತೆಂಟಕ್ಕೆ ಥಾಣೆ ಲೋಕಲ್ ಇದೆ. ಕಲ್ಲಿನ ದಾರಿ ಹಿಡಿದರೆ ಐದು ನಿಮಿಷ, ಹುಲ್ಲಿನ ಮೇಲೆ ಓರೆಯಾಗಿ ಓಡಿದರೆ ಒಂದೂವರೆ. ಥಾಣೆಯಲ್ಲಿ ಗಾಡಿ ಬದಲಿಸಿ ದಿವಾ, ಡೊಂಬಿವಲಿ, ಕಲ್ಯಾಣ ಸೇರಬೇಕಾದ ನೂರಾರು ಮಕ್ಕಳು ಯಾವುದನ್ನು ಆರಿಸಿಕೊಂಡಾರು? ಆರೇ ತಿಂಗಳಲ್ಲಿ ನನ್ನ ಹುಲ್ಲಿನ ನಟ್ಟನಡುವೆ ಬೋಳು ಮಣ್ಣಿನ ದಾರಿ ಬಿತ್ತು.

ಕ್ಯಾಂಪಸ್ ಡೈರೆಕ್ಟರ್ ಸೃಜನ್ ಸರ್ ಬೆಂಗಳೂರಿನವರು, ಮೊದಲು ಫೈನಾನ್ಸ್ ಕಂಪನಿಯಲ್ಲಿದ್ದವರು. ಅವರು ಕಿಟಕಿಯಿಂದ ನೋಡಿ ನನ್ನನ್ನು ಕರೆಸಿದರು.

"ಏನ್ರೀ ಇದು ಗೀರು? ಮುಂದಿನ ತಿಂಗಳು ಗ್ರೇಡ್ ಕೊಡೋ ಸಮಿತಿ ಬರ್ತಿದೆ. ಅಷ್ಟರೊಳಗೆ ಹೋಗ್ಬೇಕು. ಇಲ್ಲಾಂದ್ರೆ ಹುಲ್ಲೆಲ್ಲಾ ಕಿತ್ತು ಪೇವರ್ ಬ್ಲಾಕ್ ಹಾಕಿಸ್ತೀನಿ."

ಪೇವರ್ ಬ್ಲಾಕ್! ಈ ಊರುಗಳಲ್ಲಿ ಅಂಗೈಯಗಲ ಮಣ್ಣು ಕಂಡರೂ ಸಾಕು, ಯಾರಾದರೂ ಬಂದು ಅದರ ಮೇಲೆ ಸಿಮೆಂಟಿನ ಬಿಲ್ಲೆ ಜೋಡಿಸಿ ಹೋಗುತ್ತಾರೆ. ನನಗೆ ಅಂದು ಮಧ್ಯಾಹ್ನದ ಊಟ ಸೇರಲಿಲ್ಲ.

ಹುಲ್ಲು ತುಳಿಯಬೇಡಿ ಎಂದು ಬೋರ್ಡು ಹಾಕಿದೆ. ಮಕ್ಕಳು ಅದನ್ನು ಓದುತ್ತಲೇ ಹುಲ್ಲು ದಾಟಿದರು. ಮುಳ್ಳಿನ ಬೋಗನ್‌ವಿಲ್ಲಾ ನೆಟ್ಟೆ. ಮರುದಿನವೇ ಅದರ ನಡುವೆ ಒಂದು ಬ್ಯಾಗು ತೂರುವಷ್ಟು ಜಾಗವಾಗಿತ್ತು. ಕೊನೆಗೆ ಒಬ್ಬಳನ್ನು ಅಡ್ಡಗಟ್ಟಿದೆ. ನಮ್ಮ ಉಡುಪಿ ಕಡೆಯ ಹುಡುಗಿಯೇ, ನಿಶ್ಮಿತಾ, ಮನೆ ದಿವಾದಲ್ಲಿ.

"ಎಂತ ಮಗಾ, ಅಷ್ಟು ಚಂದದ ಕಲ್ಲಿನ ದಾರಿ ಉಂಟಲ್ಲ?"

"ಅಂಕಲ್, ಪಾಂಚ್ ಅಡತೀಸ್ ಛೂಟ್ ಗಯಾ ತೋ ದಿವಾ ತಕ್ ಲಟಕ್‌ಕೇ ಜಾನಾ ಪಡೇಗಾ," ಎನ್ನುತ್ತಾ ಅವಳು ನನ್ನ ಪೈಪನ್ನೂ ಹಾರಿ ಓಡಿದಳು. ಆ ಗಾಡಿ ತಪ್ಪಿದರೆ ದಿವಾದವರೆಗೆ ಬಾಗಿಲಲ್ಲಿ ನೇತಾಡುತ್ತಲೇ ಹೋಗಬೇಕಂತೆ. ಹಾಗೇ ಹೋಗು ಎಂದು ನಾನು ಹೇಗೆ ಹೇಳಲಿ?

ಆಗ ಹೊಳೆದದ್ದು ತುಳಸಿ. ನಮ್ಮವರು ದೇವರ ಗಿಡ ಕಂಡರೆ ಸುತ್ತಿ ಹೋಗುತ್ತಾರೆ, ತುಳಿಯುವುದಿಲ್ಲ. ಭಾನುವಾರ ಒಂದು ಒಡೆದ ಚರಂಡಿ ಪೈಪನ್ನು ಮಣ್ಣಿನ ದಾರಿಯ ಮಧ್ಯೆ ನಿಲ್ಲಿಸಿ, ಕೆಮ್ಮಣ್ಣು ಬಳಿದು, ರಂಗೋಲಿ ಹಾಕಿ, ತುಳಸಿ ನೆಟ್ಟೆ.

ಸೋಮವಾರ ಶ್ರೀವಿದ್ಯಾ ಮೇಡಂ ಬಂದು ಎದೆ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ನನ್ನ ಡಿಸೈನಿಗೆ ಕುರು ಎದ್ದ ಹಾಗಿದೆ! ತೆಗೀರಿ ಇದನ್ನ!"

"ನೀವೇ ಕೀಳಿ ಮೇಡಂ."

ಅವರು ಎರಡು ಹೆಜ್ಜೆ ಮುಂದೆ ಬಂದರು, ತುಳಸಿಯನ್ನು ನೋಡಿದರು, ಮೂರು ಹೆಜ್ಜೆ ಹಿಂದೆ ಹೋದರು. ಹೋಗುವಾಗ ಕೈ ಮುಗಿದದ್ದನ್ನು ನಾನು ನೋಡಿದ್ದೇನೆ.

ಸಂಜೆ ಐದೂವರೆಗೆ ನಾನು ಬೀಗುತ್ತಾ ನಿಂತೆ. ಮಕ್ಕಳು ಬಂದರು, ಕಟ್ಟೆ ಕಂಡರು, ಗಕ್ಕನೆ ನಿಂತರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ನಿಶ್ಮಿತಾ ಬಗ್ಗಿ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು. ಅವಳ ಹಿಂದಿದ್ದವರೆಲ್ಲರೂ ಕಳಚಿದರು. ಚಪ್ಪಲಿ ಹಿಡಿದು, ಕಟ್ಟೆಗೆ ಅರ್ಧ ಪ್ರದಕ್ಷಿಣೆ ಹಾಕಿ, ಬರಿಗಾಲಲ್ಲಿ ಹುಲ್ಲಿನ ಮೇಲೆಯೇ ಓಡಿದರು. ಹಣೆ ಚಚ್ಚಿಕೊಂಡೆ.

ಆದರೆ ಎರಡು ವಾರ ಕಳೆದಾಗ ನೋಡುತ್ತೇನೆ, ಮಣ್ಣಿನಲ್ಲಿ ಹಸಿರು ಚಿಗುರುತ್ತಿದೆ! ಶೂಗಳ ಹಿಮ್ಮಡಿ ತಿನ್ನುತ್ತಿದ್ದ ಹುಲ್ಲು ಬರಿಗಾಲನ್ನು ತಡೆದುಕೊಂಡಿತ್ತು. ಖುಷಿಯಿಂದ ಆ ಚಿಗುರಿಗೆ ಒಬ್ಬನೇ ಬೈದೆ: ಮೊದಲೇ ಹೇಳಬಾರದಿತ್ತೇ?

ಸಮಿತಿ ಬಂದದ್ದು ಗುರುವಾರ ಸಂಜೆ. ಅಧ್ಯಕ್ಷೆ ಪದ್ಮಾವತಿ ಮೇಡಂ ಕಲ್ಯಾಣದವರು. ಹುಲ್ಲಿನ ಅಂಚಿಗೆ ಬರುವ ಹೊತ್ತಿಗೆ ಸರಿಯಾಗಿ ಐದೂವರೆ. ಎದುರಿಗೆ ನೂರಾರು ಮಕ್ಕಳು ಚಪ್ಪಲಿ ಹಿಡಿದು ಓಡುತ್ತಿದ್ದಾರೆ. ಸೃಜನ್ ಸರ್ ಮುಖ ಬಿಳಿಚಿತು.

"ಇದೇನಿದು?" ಎಂದರು ಅಧ್ಯಕ್ಷೆ.

"ಬರಿಗಾಲ ಭೂದೃಶ್ಯ ಮೇಡಂ," ಎಂದರು ಶ್ರೀವಿದ್ಯಾ, ಒಂದು ಕ್ಷಣವೂ ತಡವರಿಸದೆ. "ಮಕ್ಕಳಿಗೂ ಮಣ್ಣಿಗೂ ಸಂಬಂಧ ಇರ್ಬೇಕು ಅಂತ."

ಕುರು ಎಂದವರು ಇವರೇ. ನಾನು ಕೆಮ್ಮಿದೆ.

"ಬಹಳ ಚೆನ್ನಾಗಿದೆ. ಆದ್ರೆ ಇಷ್ಟು ಅರ್ಜೆಂಟ್ ಯಾಕೆ ಓಡ್ತಾರೆ?"

"ಐದು ಮೂವತ್ತೆಂಟರ ಲೋಕಲ್ ಉಂಟಲ್ಲ ಮೇಡಂ," ಎಂದೆ ನಾನು.

"ಅರೇ, ಅದು ಸಿಗ್ತದಾ ಈಗ?" ಅಧ್ಯಕ್ಷೆ ಗಡಿಯಾರ ನೋಡಿದರು. ಮರುಕ್ಷಣ ಸೀರೆ ಎತ್ತಿ ಹಿಡಿದು, ಚಪ್ಪಲಿ ಕಳಚಿ, "ಗ್ರೇಡ್ ಒಳ್ಳೇದೇ ಕೊಡ್ತೇನೆ, ಚಲಾ, ಹೊರಡಿ!" ಎಂದು ಮಕ್ಕಳ ಗುಂಪಿನಲ್ಲಿ ಸೇರಿಕೊಂಡರು. ಸಮಿತಿಯ ಉಳಿದಿಬ್ಬರೂ ಹಿಂದೆಯೇ ಓಡಿದರು.

ಸಹಿಯಾಗದ ಫೈಲು ಹಿಡಿದು ಸೃಜನ್ ಸರ್ ಹುಲ್ಲಿಗೆ ನುಗ್ಗಿದರು. "ಸರ್, ಶೂ! ಶೂ!" ಎಂದು ಮಕ್ಕಳೆಲ್ಲ ಕೂಗಿದರು. ಅವರು ಲೇಸು ಬಿಚ್ಚಿ, ಸಾಕ್ಸು ಎಳೆದು, ತುಳಸಿಯವರೆಗೆ ಬರುವಷ್ಟರಲ್ಲಿ ಅಧ್ಯಕ್ಷೆ ಗೇಟು ದಾಟಿಯಾಗಿತ್ತು. ಸರ್ ಅಲ್ಲೇ ನಿಂತುಬಿಟ್ಟರು. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಶೂ. ಬೆರಳುಗಳನ್ನು ಹುಲ್ಲಿನಲ್ಲಿ ಮೆಲ್ಲಗೆ ಆಡಿಸಿದರು.

"ತಣ್ಣಗಿದೆ ಕಣ್ರೀ."

"ಹೌದು ಸರ್."

"ಬ್ಲಾಕ್ ಹಾಕ್ಸಿದ್ರೆ ಮೇ ತಿಂಗಳಲ್ಲಿ ಕಾಲು ಸುಟ್ಟೋಗುತ್ತೆ. ತುಳಸಿ ಮುಂದೆ ಶೂ ಹಾಕ್ಕೊಂಡು ಓಡಾಡೋಕೂ ಆಗಲ್ಲ."

"ಆಗುದಿಲ್ಲ ಸರ್."

ಅವರು ಕಣ್ಣು ಮುಚ್ಚಿ ಇನ್ನೊಮ್ಮೆ ಬೆರಳಾಡಿಸಿದರು.

"ಬ್ಲಾಕ್ ಬೇಡ ಬಿಡಿ," ಎಂದರು ಕೊನೆಗೆ, ಕಣ್ಣು ತೆರೆಯದೆಯೇ.

ನನಗೆ ಅವರನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು. ಆದರೆ ಕೆಲಸ ಕೆಲಸವೇ.

"ಸರ್," ಎಂದೆ, "ಒಂದೇ ಕಡೆ ನಿಲ್ಬೇಡಿ ಮಾರಾಯ್ರೆ, ಹುಲ್ಲು ಸಾಯ್ತದೆ. ಸ್ವಲ್ಪ ಆಚೆ ಹೋಗಿ."