ಹೆಣದ ಹಿಂದಿನ ಓಣಿ

ಹೋದ ವರ್ಷ ನಮ್ಮೂರಿನ ದೊಡ್ಡ ಮನುಷ್ಯರಿಗೆ ಇದ್ದಕ್ಕಿದ್ದಂತೆ ಹಳೆಯ ಊರಿನ ಮೇಲೆ ಪ್ರೀತಿ ಉಕ್ಕಿತು. ಊರೆಂದರೆ ದೊಡ್ಡದೇನಲ್ಲ, ಆಳಂದದಿಂದ ಅಫಜಲಪುರಕ್ಕೆ ಹೋಗುವ ಬಸ್ಸು ಚಹಾಕ್ಕೆಂದು ಹತ್ತು ನಿಮಿಷ ನಿಲ್ಲುವ ಪೇಟೆ. ಬಜಾರಿನ ರಸ್ತೆ ಅಗಲ ಮಾಡುವ ಕೆಲಸ ಶುರುವಾಗಲಿತ್ತು. ಅದರ ಸಮಾರಂಭಕ್ಕೆ ‘ಅಂದು–ಇಂದು’ ಎಂಬ ಫೋಟೋ ಪ್ರದರ್ಶನ ಇಡಬೇಕು, ಎಡಕ್ಕೆ ಹಳೆಯ ಬೀದಿ, ಬಲಕ್ಕೆ ಅದೇ ಬೀದಿ ಈಗ ಹೇಗಿದೆಯೋ ಹಾಗೆ, ಎಂದು ರಸ್ತೆ ಸಮಿತಿಯ ಅಧ್ಯಕ್ಷ ಹಣಮಂತರಾಯ ನನ್ನ ಸ್ಟುಡಿಯೋಗೆ ಬಂದ. ಸಾಗವಾನಿ ಬಾಗಿಲುಗಳನ್ನು ಕಿತ್ತು ಗುಜರಿಗೆ ಹಾಕಿ ಗಾಜಿನ ಅಂಗಡಿ ಕಟ್ಟಿಸಿದವರಲ್ಲಿ ಮೊದಲಿಗ ಇವನೇ. ಈಗ ಬಾಗಿಲ ಫೋಟೋ ನೋಡಿ ಕಣ್ಣೊರೆಸಿಕೊಳ್ಳುವ ಆಸೆ.

“ಮಿನಾಜ, ನಿಮ್ಮಪ್ಪ ಶರಫುದ್ದೀನನ ನೆಗೆಟಿವ್ ಪೆಟಿಗಿ ತೆಗಿ ಬೇ. ಹಳೀ ಊರೆಲ್ಲಾ ಅದರಾಗ ಅದ,” ಅಂದ.

ಅದರಲ್ಲಿ ಊರೆಲ್ಲಿದೆ? ಇರುವುದೆಲ್ಲ ಹೆಣಗಳು. ಆಗಿನ ಕಾಲದಲ್ಲಿ ದುಡ್ಡು ಕೊಟ್ಟು ಬೀದಿಯ ಫೋಟೋ ತೆಗೆಸುವಷ್ಟು ತಲೆಕೆಟ್ಟವರು ಇಲ್ಲಿ ಯಾರೂ ಇರಲಿಲ್ಲ. ಫೋಟೋದವನ ನೆನಪಾಗುತ್ತಿದ್ದುದು ಮನೆಯಲ್ಲಿ ಯಾರಾದರೂ ತೀರಿಕೊಂಡಾಗ. ಲಿಂಗಾಯತರು ಹೋದವರನ್ನು ಮಲಗಿಸುವುದಿಲ್ಲ. ಹಣೆತುಂಬ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಮನೆಯ ಮುಂದೆ ಓಣಿಯಲ್ಲಿ ನೆಟ್ಟಗೆ ಕೂರಿಸುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಬಂಧುಬಳಗವೆಲ್ಲ ಸುತ್ತ ನಿಂತು ಒಂದು ಫೋಟೋ. ಅಬ್ಬಾ ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ನಿಂಬರ್ಗಾದ ತನಕ ಹೋಗುತ್ತಿದ್ದರು. ಬದುಕಿದ್ದಾಗ ಒಮ್ಮೆಯೂ ಕ್ಯಾಮೆರಾದ ಮುಂದೆ ನಿಲ್ಲದವರು ಸತ್ತ ಮೇಲೆ ಅಲ್ಲಾಡದೆ ಕೂತು ತೆಗೆಸಿಕೊಂಡಿದ್ದಾರೆ. ಹಳೆಯ ಊರು ಉಳಿದಿದ್ದರೆ ಅವರ ಬೆನ್ನ ಹಿಂದೆ ಉಳಿದಿದೆ.

ಇದನ್ನು ಹೇಳಿದಾಗ ಅವನ ಮುಖ ಸಿಂಡರಿಸಿತು. “ಶುಭಕಾರ್ಯ ಅದ. ಹೆಣ ಕತ್ತರಿಸಿ ಓಣಿ ಅಷ್ಟ ಇಡು.” ಬಾಗಿಲ ತನಕ ಹೋಗಿ ತಿರುಗಿ, “ನಮ್ಮಪ್ಪಂದು ಮಾತ್ರ ಪೂರಾ ಇರ್ಲಿ. ಎಲ್ಲಾಕ್ಕಿಂತ ದೊಡ್ಡದು ಮಾಡು,” ಅಂದ. ಬೇರೆಯವರ ಅಪ್ಪ ಹೆಣ, ಇವನ ಅಪ್ಪ ಇತಿಹಾಸ!

ಸರಿ, ಮಾಡಿದೆ. ಒಂದು ವಾರ ಬೀದಿ ಬೀದಿ ತಿರುಗಿ ಈಗಿನ ಫೋಟೋಗಳನ್ನು ತೆಗೆದೆ. ಕಟ್ಟಡ ಕಾಣಬೇಕಲ್ಲ? ಕಂಡದ್ದು ಹುಟ್ಟುಹಬ್ಬದ ಬ್ಯಾನರು, ಬ್ಯಾನರಿನ ಮೇಲೆ ಇನ್ನೊಂದು ಬ್ಯಾನರು, ಕೆಳಗೆ ಕೈಮುಗಿದು ನಿಂತ ಹತ್ತು ಮಂದಿ ನಿರುದ್ಯೋಗಿಗಳ ಮುಖ. ಹಾಗಂತ ಹಿಂದಿನದು ಸ್ವರ್ಗವೇನೂ ಆಗಿರಲಿಲ್ಲ. ಅಬ್ಬಾನ ಫೋಟೋಗಳಲ್ಲಿ ಗಟಾರು ಬಾಗಿಲಿಗೇ ಹರಿಯುತ್ತದೆ, ಅಳುವ ಹೆಂಗಸರ ಪಕ್ಕದಲ್ಲೇ ಕತ್ತೆ ನಿಂತಿರುತ್ತದೆ. ‘ಆಗ ಎಷ್ಟು ಚಂದ ಇತ್ತು’ ಎಂದು ರಾಗ ಎಳೆಯುವವರನ್ನು ಆ ಗಟಾರಿನ ಪಕ್ಕ ಒಂದು ದಿನ ಕೂರಿಸಬೇಕು. ಆಮೇಲೆ ತಾವಾಗಿಯೇ ಸುಮ್ಮನಾಗುತ್ತಾರೆ.

ಹಣಮಂತರಾಯನ ಅಪ್ಪನ ನೆಗೆಟಿವ್ ದೊಡ್ಡದು ಮಾಡಿದ ದಿನ ನಾನು ಕಂಪ್ಯೂಟರ್ ಮುಂದೆ ಗಟ್ಟಿಯಾಗಿ ನಕ್ಕುಬಿಟ್ಟೆ. ನಲವತ್ತೈದು ವರ್ಷದ ಹಿಂದಿನ ಫೋಟೋ. ಸಾಹುಕಾರರು ಓಣಿಯ ನಡುವೆ ಕೂತಿದ್ದಾರೆ, ಅವರ ಮಗ್ಗುಲಿಗೆ ತಲೆಯ ಮೇಲೆ ಸೆರಗು ಹೊದ್ದು ಅವರ ಹೆಂಡತಿ ಕಸ್ತೂರಿಬಾಯಿ. ಬೆನ್ನ ಹಿಂದೆ ಊರಿನ ಸರಕಾರಿ ಬಾವಿ, ನೀರು ಸೇದುವ ಗಡಗಡಿ ಸಮೇತ. ಬಾವಿಯಿಂದ ಹತ್ತು ಹೆಜ್ಜೆ ಹಿಂದಕ್ಕೆ ಇವರ ಮನೆಯ ಗೋಡೆ. ಫೋಟೋದ ಕೆಳ ಅಂಚಿನಲ್ಲಿ ಅಬ್ಬಾ ಕ್ಯಾಮೆರಾ ನಿಲ್ಲಿಸಿದ್ದ ಎದುರಿನ ಹಿಟ್ಟಿನ ಗಿರಣಿಯ ಕಲ್ಲಿನ ಮೆಟ್ಟಿಲು. ಆ ಮೆಟ್ಟಿಲು ಇವತ್ತಿಗೂ ಅಲ್ಲೇ ಇದೆ. ಬಾವಿ ಎಲ್ಲಿದೆ? ಆ ಮನೆ ಕೆಡವಿ ಮುಂದಕ್ಕೆ ಎಳೆದು ಕಟ್ಟಿಸಿದ ಹಣಮಂತರಾಯನ ಕಾಂಪ್ಲೆಕ್ಸಿನ ಮೊಬೈಲ್ ಅಂಗಡಿಯ ಒಳಗೆ, ಚಪ್ಪಡಿ ಮುಚ್ಚಿ, ಅದರ ಮೇಲೆ ಟೈಲ್ಸು ಹಾಕಿ!

ಎದುರಿನ ಗಿರಣಿ ಜಗದೇವನದು. ಅವನ ಅಜ್ಜನ ಕಾಲದಿಂದ ಊರಿನ ಜೋಳ ಅಲ್ಲೇ ಹಿಟ್ಟಾಗುತ್ತದೆ. ಅವನಿಗೆ ಬೇರೆ ಹೊಲವಿಲ್ಲ, ಬೇರೆ ಕೆಲಸ ಬರುವುದಿಲ್ಲ. ಅದರ ಹಿಂದಿನ ತಿಂಗಳಷ್ಟೇ ಸಮಿತಿಯವರು ಬಂದು, ಈಗಿನ ರಸ್ತೆಯ ನಡುಮಧ್ಯದಿಂದ ಟೇಪು ಹಿಡಿದು ಅಳೆದು, ಗಿರಣಿ ಎಂಟು ಅಡಿ ರಸ್ತೆ ನುಂಗಿದೆ ಎಂದು ಕೆಡವಲು ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದರು. ರಸ್ತೆಯ ನಡುವೇ ಜರುಗಿದ್ದು ಯಾರಿಗೂ ನೆನಪಾಗಲಿಲ್ಲ. ಕಾಂಪ್ಲೆಕ್ಸು ಮುಂದೆ ಬಂದಂತೆಲ್ಲ ರಸ್ತೆ ಗಿರಣಿಯ ಕಡೆಗೆ ಸರಿದಿತ್ತು.

ಇಷ್ಟು ವರ್ಷ ಹಣಮಂತರಾಯನಿಗೇಕೆ ಫೋಟೋದ ಈ ಬಾವಿ ಕಾಣಲಿಲ್ಲ ಎಂದರೆ, ಅವನ ದೇವರಮನೆಯಲ್ಲಿರುವುದು ಇದೇ ಫೋಟೋದಿಂದ ಕತ್ತರಿಸಿದ ಮುಖ ಮಾತ್ರ. ದಿನಾ ಊದಿನಕಡ್ಡಿ ಹಚ್ಚುತ್ತಾನೆ. ಮುಖದ ಹಿಂದೆ ಏನಿತ್ತೆಂದು ಕೇಳಿದವನಲ್ಲ.

ಫೋನ್ ಮಾಡಿ ಇನ್ನೊಮ್ಮೆ ಕೇಳಿದೆ. “ಸಾವ್ಕಾರ್ರ, ನಿಮ್ಮ ತಂದಿಯವರ ಫೋಟೋ ಪೂರಾ ಇಡ್ಲೇನ್ರಿ? ಬಾಜೂಕ ಸ್ವಲ್ಪ ಕತ್ತರಿಸ್ಲ್ಯಾ?”

“ಒಂದು ನೂಲಿನಷ್ಟೂ ಕತ್ತರಿಸಬ್ಯಾಡ!” ಎಂದು ಗದರಿದ. ಅವನ ಬಾಯಿಂದಲೇ ಬಂತು, ನನ್ನ ಕೆಲಸ ಮುಗಿಯಿತು. ಜಗದೇವನನ್ನು ಕರೆದು, ಸಮಾರಂಭಕ್ಕೆ ತಪ್ಪದೆ ಬಾ, ಸಾಹುಕಾರರ ಫೋಟೋದಲ್ಲಿ ಬಾವಿಯ ಕಡೆ ನೋಡು ಎಂದೆ.

ಸಮಾರಂಭದ ದಿನ ಮುಂಜಾನೆ ಹನ್ನೊಂದಕ್ಕೆ, ಬಜಾರಿನಲ್ಲೇ ಹಾಕಿದ ಮಂಟಪದಲ್ಲಿ, ರಿಬ್ಬನ್ ಕತ್ತರಿಸಿದ್ದು ಹಣಮಂತರಾಯನ ತಾಯಿ ಕಸ್ತೂರಿಬಾಯಿ. ಎಂಬತ್ತು ದಾಟಿದ ಜೀವ, ಕೋಲು ಹಿಡಿದೇ ನಡೆಯುತ್ತಾರೆ. ಹಣಮಂತರಾಯ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎಲ್ಲರಿಗೂ ಕಾಣುವಂತೆ ಅಪ್ಪನ ಫೋಟೋಕ್ಕೆ ಮೊಣಕಾಲೂರಿ ನಮಸ್ಕಾರ ಮಾಡಿದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವುದಕ್ಕೆ ನಮ್ಮವರಿಗೆ ಕಾರಣ ಬೇಕಾಗಿಲ್ಲ.

ಆಗ ಜಗದೇವ ಮುಂದೆ ಬಂದ. ಸಮಿತಿಯ ಇಂಜಿನಿಯರ್ ಅರುಣಕುಮಾರನನ್ನು ಕರೆದು, “ಸಾಹೇಬ್ರ, ಇದು ನಮ್ಮ ಗಿರಣಿ ಮೆಟ್ಟಿಲು. ಇದು ಸರಕಾರಿ ಬಾವಿ. ಬಾವಿ ಹಿಂದ ಸಾವ್ಕಾರ್ರ ಮನಿ. ಈಗ ಹೇಳ್ರಿ, ರಸ್ತಾ ನುಂಗಿದಾವ್ರು ಯಾರು?” ಎಂದ.

ಅರುಣಕುಮಾರ ಹೊಸ ಹುಡುಗ, ಇನ್ನೂ ಕೆಟ್ಟಿರಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ನೋಡಿದ. “ಅಧ್ಯಕ್ಷರ, ಇದು ನಿಮ್ಮ ಮನಿ ಮುಂದ ತೆಗೆದದ್ದೇನ್ರಿ? ಹೌದಂದ್ರ ನಾ ಮತ್ತ ಅಳೀಬೇಕಾಗ್ತದ.”

ಹಣಮಂತರಾಯ ಫೋಟೋ ನೋಡಿದ. ಅಪ್ಪನ ಮುಖದಿಂದ ಮೇಲೆದ್ದ ಕಣ್ಣು ಅವತ್ತೇ ಮೊದಲ ಸಲ ಬಾವಿಯ ಮೇಲೆ ಹೋಯಿತು. ಹೊರಗೆ ಕಾಂಪ್ಲೆಕ್ಸಿನ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು. ಅವನು ಹೆಚ್ಚು ಹೊತ್ತು ಯೋಚಿಸಲಿಲ್ಲ.

“ಇದು ನಮ್ಮ ಮನಿ ಅಲ್ಲ,” ಅಂದ.

“ಮತ್ತ ಕುಂತಾವ್ರು ನಿಮ್ಮ ತಂದಿಯವ್ರು ಅಂತ ಕೆಳಗ ಬರದದಲ್ರಿ?”

“ಈ ಸ್ಟುಡಿಯೋದಾಕಿ ಅದಲುಬದಲು ಮಾಡ್ಯಾಳ. ಕೊಳಕೂರ ಹಳ್ಳೀದೋ ಎಲ್ಲೀದೋ ಫೋಟೋ ತಂದು ಹಚ್ಯಾಳ. ಇಂವ ನಮ್ಮಪ್ಪ ಅಲ್ಲ.”

ಐದು ನಿಮಿಷದ ಹಿಂದೆ ಯಾರ ಕಾಲಿಗೆ ಬಿದ್ದಿದ್ದನೋ ಅವರನ್ನೇ! ರಸ್ತೆ ನುಂಗಿ ಕಟ್ಟಿದ ಮೂರು ಮಳಿಗೆಯ ಆಸೆಗೆ! ನನ್ನ ಮೈಯೆಲ್ಲ ಉರಿಯಿತು. ಅಬ್ಬಾ ನಲವತ್ತು ವರ್ಷ ಮಾಡಿದ ಕೆಲಸಕ್ಕೆ ಸುಳ್ಳಿನ ಮಸಿ ಬಳಿದದ್ದಕ್ಕೆ ಇನ್ನಷ್ಟು ಉರಿಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು.

ಕಸ್ತೂರಿಬಾಯಿ ಎದ್ದು ಬಂದು ಫೋಟೋಕ್ಕೆ ಮುಖ ತಾಗುವಷ್ಟು ಹತ್ತಿರ ನಿಂತರು. ಗಂಡನ ಮುಖವನ್ನು, ಆಮೇಲೆ ಮಗ್ಗುಲಲ್ಲಿದ್ದ ಆ ಹೆಂಗಸಿನ ಮುಖವನ್ನು ಬೆರಳಿನಿಂದ ಮುಟ್ಟಿದರು. ಮಗನ ಕಡೆ ತಿರುಗಿದಾಗ ದನಿ ಸಣ್ಣದಾಗಿಯೇ ಇತ್ತು.

“ಇಂವ ನಿಮ್ಮಪ್ಪ ಅಲ್ಲಂದ್ರ, ಇವನ ಬಾಜೂಕ ಕುಂತೀನಲ್ಲ, ನಾ ಯಾರ ಹೇಣ್ತಿ ಲೇ, ಹಣಮಂತ?”

ಹಣಮಂತರಾಯ, “ಅವ್ವಾ, ನಿನಗ ಕಣ್ಣು ಸರಿ ಕಾಣಂಗಿಲ್ಲ, ಕುಂದರು,” ಎಂದು ತೋಳು ಹಿಡಿಯಲು ಹೋದ. ಅವರು ಕೈ ಕೊಡವಿಕೊಂಡರು.

“ಬಾ ಮಗಾ,” ಎಂದು ಇಂಜಿನಿಯರನನ್ನು ಕರೆದರು. “ಆ ಬಾವಿ ನೀರು ಹತ್ತು ವರ್ಷ ಸೇದೀನಿ. ಕಣ್ಣು ಕಟ್ಟಿ ಬಿಟ್ರೂ ತೋರಿಸ್ತೇನಿ.”

ಅವರ ಹಿಂದೆ ಅರುಣಕುಮಾರ, ಅವನ ಹಿಂದೆ ಜಗದೇವ, ಜಗದೇವನ ಹಿಂದೆ ಇಡೀ ಬಜಾರು. ಯಾವತ್ತೂ ಒಂದು ಮಾತಿಗೆ ಎದ್ದು ನಿಲ್ಲದ ನಮ್ಮ ಊರು ಅವತ್ತು ತಮಾಷೆ ನೋಡಲಾದರೂ ಎದ್ದಿತು. ಕಸ್ತೂರಿಬಾಯಿ ಮೊಬೈಲ್ ಅಂಗಡಿಯ ಒಳಗೆ ಹೋಗಿ, ಗಿರಾಕಿಗಳನ್ನು ಸರಿಸಿ, ಹೊಳೆಯುವ ಟೈಲ್ಸಿನ ಮೇಲೆ ಕೋಲಿನಿಂದ ಮೂರು ಸಲ ಕುಟ್ಟಿದರು. ಮೂರನೆಯ ಸಲ ಕೆಳಗಿನಿಂದ ಟೊಳ್ಳು ಸದ್ದು ಬಂತು.

“ಇಲ್ಲೇ ಅದ,” ಎಂದರು. “ಒಡೀರಿ.”