ಕಬ್ಬಿಣದ ಅಂಗಿ

"ಏಳೋ ಬೋಳಿಮಗನೆ! ನಿನ್ನ ಬಾಮೈದ ಎರಡೆರಡು ಹೊರ್ತಾನೆ, ನಿಂಗೇನು ರೋಗ?"

ಗೋದಾಮಿನ ಮೇಸ್ತ್ರಿ ಒದರುತ್ತಿದ್ದದ್ದು ಲಾರಿಗೆ ಹಾಕಿದ ಹಲಗೆಯ ಮೇಲೆ ಬಿದ್ದಿದ್ದ ಹಿರಿಯ ಹಮಾಲನಿಗೆ. ಅವನ ಬೆನ್ನಿನಿಂದ ಜಾರಿದ ಎರಡು ಸಿಮೆಂಟು ಮೂಟೆಗಳು ಪಕ್ಕದಲ್ಲೇ ಒಡೆದಿದ್ದವು. ಆ ಬಾಮೈದ, ಎಲ್ಲರ ಬಾಯಲ್ಲಿ ಗೂಳಿ, ತನ್ನ ಅಕ್ಕನ ಗಂಡನಾದ ಈ ಭಾವನ ಹಿಂದೆಯೇ ನಿಂತಿದ್ದ. ಅವನ ಬೆನ್ನಿಗೂ ತೊಡೆಗೂ ಬಿಗಿದ ಮೋಟಾರಿನ ಚೌಕಟ್ಟು ಮೂಟೆಗಳ ಭಾರವನ್ನೆಲ್ಲ ತಾನೇ ಹೊತ್ತು ಗುಂಯ್ ಎನ್ನುತ್ತಿತ್ತು. ಹಮಾಲರು ಅದನ್ನು ಕಬ್ಬಿಣದ ಅಂಗಿ ಎನ್ನುತ್ತಿದ್ದರು. ಇಡೀ ಗೋದಾಮಿಗೆ ಇದ್ದದ್ದು ಅದೊಂದೇ.

ಹಮಾಲರಲ್ಲಿ ಒಂದು ಕಟ್ಟುಪಾಡಿತ್ತು. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯನೇ ಮುಂದೆ, ಅವನ ಹೆಜ್ಜೆಗೆ ಉಳಿದವರ ಹೆಜ್ಜೆ, ಯಾರೂ ಅವನನ್ನು ದಾಟುವಂತಿಲ್ಲ. ಆ ಹಿರಿಯ ಭಾವನೇ. ಅಂಗಿ ಬಂದ ದಿನ, ಧಣಿ ನೋಡುತ್ತಿದ್ದಾನೆಂದು ಗೂಳಿ ಎರಡು ಮೂಟೆ ಹೊತ್ತು, ಭಾವನನ್ನು ದಾಟಿ, ಹಲ್ಲು ಕಿರಿಯುತ್ತ ಲಾರಿ ಹತ್ತಿದ್ದ. ಧಣಿ ಚಪ್ಪಾಳೆ ತಟ್ಟಿದ. ಮರುದಿನದಿಂದ ಎಲ್ಲರಿಗೂ ಎರಡು ಮೂಟೆ, ಅಂಗಿ ಇದ್ದವನಿಗೂ ಇಲ್ಲದವನಿಗೂ! ಒಂದು ಗಳಿಗೆಯ ಜಂಬ, ಅಷ್ಟೇ. ಅಂದಿನಿಂದ ಅಕ್ಕ ಗಂಡನ ಬೆನ್ನು ನೀವಲು ಕೂತಾಗಲೆಲ್ಲ ಗೂಳಿ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಹೊರಗೆ ಹೋಗುತ್ತಿದ್ದ.

ಸದ್ದು ಕೇಳಿ ಧಣಿ ಬಂದ. "ಲಾರಿ ಕಾಯ್ತಿದೆ. ಅವನನ್ನ ಎತ್ತಿ ಆಕಡೆ ಹಾಕೋ. ನಿಂಗೇನು, ಒಂದು ಕೈ ಕೆಲಸ."

ಗೂಳಿ ಮೂಟೆ ಇಳಿಸಿ, ಬಗ್ಗಿ ಭಾವನನ್ನು ಎತ್ತಿಕೊಂಡ. ಭಾರವೇ ಆಗಲಿಲ್ಲ. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ಮನುಷ್ಯ ಖಾಲಿ ಚೀಲದಷ್ಟೂ ತೂಗಲಿಲ್ಲ.

ಭಾವನನ್ನು ಮೆಲ್ಲಗೆ ಕೆಳಗಿಟ್ಟ. ಪಟ್ಟಿಗಳನ್ನು ಕಿತ್ತು, ಅಂಗಿಯನ್ನು ಹಲಗೆಯಿಂದ ಕೆಳಕ್ಕೆ ಒದ್ದ. ಅದು ಧಣಿಯ ಕಾಲಬುಡದಲ್ಲಿ ಬಿತ್ತು.

"ಲೇ! ನಿಮ್ಮಪ್ಪನ ಮನೆ ಗಂಟೇನೋ ಅದು?"

"ನೀವೇ ಹಾಕ್ಕೊಳ್ಳಿ ಧಣಿ. ಲಾರಿ ಕಾಯ್ತಿದೆ."

ಭಾವನನ್ನು ಬರಿಬೆನ್ನಿಗೆ ಏರಿಸಿಕೊಂಡು ಗೂಳಿ ಹೊರಟ. ಹಿಂದೆ ಧೊಪ್ಪೆಂದು ಒಂದು ಮೂಟೆ ಬಿತ್ತು, ಆಮೇಲೆ ಇನ್ನೊಂದು, ಮತ್ತೊಂದು. ಹಮಾಲರೆಲ್ಲ ಸಾಲಾಗಿ ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬರುತ್ತಿದ್ದರು. ಮೇಸ್ತ್ರಿ ಅರಚುತ್ತಲೇ ಇದ್ದ. ಯಾರೂ ತಿರುಗಲಿಲ್ಲ, ಯಾರೂ ಗೂಳಿಯನ್ನು ದಾಟಲೂ ಇಲ್ಲ.

"ಭಾರ ಆಗ್ತಿದ್ಯೇನೋ?" ಭಾವ ಕಿವಿಯ ಹತ್ತಿರ ಕೇಳಿದ.

"ಆಗ್ತಿದೆ ಭಾವ." ಗೂಳಿ ಜೋತಾಡುತ್ತಿದ್ದ ಭಾವನ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡ. "ತಪ್ಪಾಯ್ತು ಭಾವ. ಕಾಲು ಒಂಚೂರು ಆಡ್ಸು, ನೋಡೋಣ."

"ಆಡಿಸ್ತಾನೇ ಇದೀನಲ್ಲೋ."

ಗೂಳಿ ನಿಂತುಬಿಟ್ಟ. ಅವನ ಕೈಯೊಳಗಿದ್ದ ಆ ಎರಡು ಕಾಲುಗಳು ಅಲುಗಲಿಲ್ಲ.